ರಂಗದ ಫಸಲು

ಚಲನಚಿತ್ರವು ಸುರುಳಿಯಲ್ಲಿ ಉಳಿಯುತ್ತದೆ. ನಾಟಕವಾದರೋ ತೆರೆ ಬಿದ್ದೊಡನೆ ಕಣ್ಮರೆಯಾಗುತ್ತದೆ. ಇವೆರಡನ್ನೂ ಬಲ್ಲ ಕಲಾವಿದನು ತನ್ನ ಬಾಳನ್ನು ಯಾವುದಕ್ಕೆ ಮೀಸಲಿಡಬೇಕು? ಬಿ. ವಿ. ಕಾರಂತರ ಜೀವನವು ಈ ಪ್ರಶ್ನೆಗೆ ತಕ್ಕ ಉತ್ತರವನ್ನು ಕೊಡುತ್ತದೆ.

ದಕ್ಷಿಣ ಕನ್ನಡದ ಮಂಚಿಯವರಾದ ಕಾರಂತರು ಎಳೆಯ ವಯಸ್ಸಿನಲ್ಲಿಯೇ ಗುಬ್ಬಿ ವೀರಣ್ಣನವರ ಕಂಪನಿಯನ್ನು ಸೇರಿದರು. ವೀರಣ್ಣನವರ ನೆರವಿನಿಂದ ಕಾಶಿಯಲ್ಲಿ ಓದಿ, ಬಳಿಕ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಳಗಿದರು. 1975ರಲ್ಲಿ ಅವರು ನಿರ್ದೇಶಿಸಿದ ‘ಚೋಮನ ದುಡಿ’ಯು ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆಯಿತು. ಬೇರೆ ಯಾರಾದರೂ ಆ ಕೀರ್ತಿಯ ಹಾದಿಯಲ್ಲಿಯೇ ನಡೆದುಬಿಡುತ್ತಿದ್ದರೇನೋ! ಕಾರಂತರು ಚಿತ್ರರಂಗವನ್ನು ಪೂರ್ತಿಯಾಗಿ ತೊರೆಯದಿದ್ದರೂ ರಂಗಭೂಮಿಗೇ ಮರಳಿದರು. 1977ರಲ್ಲಿ ತಾವು ಕಲಿತ ನಾಟಕ ಶಾಲೆಗೇ ನಿರ್ದೇಶಕರಾದರು. ಮುಂದೆ ಭೋಪಾಲದ ಭಾರತ ಭವನದಲ್ಲಿ ರಂಗಮಂಡಲವನ್ನೂ, 1989ರಲ್ಲಿ ಮೈಸೂರಿನಲ್ಲಿ ರಂಗಾಯಣವನ್ನೂ ಕಟ್ಟಿದರು.

ಕಟ್ಟಿದುದನ್ನು ಬಿಟ್ಟು ಮುನ್ನಡೆಯುವ ಈ ಅಲೆಮಾರಿತನವನ್ನು ದೋಷವೆನ್ನುವವರುಂಟು. ಒಂದೇ ಊರಿನಲ್ಲಿ ನಿಂತಿದ್ದರೆ ಕೆಲಸವು ಇನ್ನೂ ಆಳವಾಗಿ ಬೇರೂರುತ್ತಿತ್ತೆಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹಾಗೆ ನಿಂತಿದ್ದರೆ, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಕಥೆಯು ‘ಬರ್ನಂ ವನ’ವಾಗಿ, ಯಕ್ಷಗಾನದ ಹೆಜ್ಜೆಯಲ್ಲಿ ಹಿಂದಿ ನಟರಿಗೆ ಒಲಿಯುತ್ತಿತ್ತೆ?

ನಾಟಕವು ಅಳಿಯುವುದು ದಿಟ. ಆದರೆ ಅದನ್ನು ಆಡುತ್ತ ಆಡುತ್ತ ನಟನು ಬೆಳೆಯುತ್ತಾನೆ; ಆತನು ಮತ್ತೊಬ್ಬನನ್ನು ಬೆಳೆಸುತ್ತಾನೆ. ರಂಗದ ನಿಜವಾದ ಫಸಲು ಇದೇ. ಕಾರಂತರು 2002ರಲ್ಲಿ ತೀರಿಕೊಂಡರು. ರಂಗಾಯಣದಲ್ಲಿ ದೀಪಗಳು ಇಂದಿಗೂ ಬೆಳಗುತ್ತಿವೆ. ಬಿತ್ತಿದವನು ಕಣಜವನ್ನು ಕಾಯುತ್ತ ಕುಳಿತಿರಬೇಕಾಗಿಲ್ಲ.