ಉರೂಸನ್ನು ಡಿಜೆಯವರಿಗೆ ಬಿಟ್ಟುಕೊಟ್ಟವರು ಯಾರು?

ಶಿಗ್ಗಾವಿ ತಾಲೂಕಿನ ಒಂದು ಸಣ್ಣ ಹಳ್ಳಿಯ ಉರೂಸಿಗೆ ನಾವು ಈ ವರ್ಷ ಕುಟುಂಬ ಸಮೇತ ಹೋಗಿದ್ದೆವು. ಊರಿನ ಹೆಸರು ಇಲ್ಲಿ ಅನಗತ್ಯ. ಹಾನಗಲ್, ಸವಣೂರು, ಹಿರೇಕೆರೂರು ಕಡೆಯ ಓದುಗರು ತಮಗೆ ಗೊತ್ತಿರುವ ಯಾವುದೇ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೂ ಈ ಬರಹದ ಒಂದಕ್ಷರವೂ ಬದಲಾಗಲಾರದು. ಉರೂಸುಗಳನ್ನು ಟೀಕಿಸುವವರು ಅಲ್ಲಿಗೇಕೆ ಹೋದಿರಿ ಎಂದು ಕೇಳುವವರಿದ್ದಾರೆ. ನೆಂಟರು ಕರೆದಿದ್ದರು, ಮಕ್ಕಳಿಗೆ ತೊಟ್ಟಿಲು ಆಡುವ ಆಸೆಯಿತ್ತು. ಇದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಊರ ಬಾಗಿಲಲ್ಲೇ ಫ್ಲೆಕ್ಸ್‌ಗಳ ಸಾಲು. ಎಲ್ಲ ಪಕ್ಷಗಳ ಮುಖಂಡರೂ ಅದರಲ್ಲಿ ಕೈಮುಗಿದು ನಿಂತಿದ್ದರು. ಯಾವ ಮಹನೀಯರ ಹೆಸರಿನಲ್ಲಿ ಉರೂಸು ನಡೆಯುತ್ತಿದೆಯೋ ಅವರ ಹೆಸರು ಮಾತ್ರ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿತ್ತು. ದರ್ಗಾದ ಮುಂದೆ ಚೀಟಿಯ ಮೇಜು. ಗಲೀಫ್ ಹೊದಿಸಲು ಒಂದು ದರ, ಹತ್ತಿರ ನಿಂತು ದುಆ ಮಾಡಿಸಲು ಇನ್ನೊಂದು ದರ. ದೇಣಿಗೆ ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಮೈಕಿನಲ್ಲಿ ಕೂಗುತ್ತಿದ್ದರು. ಸಾವಿರ ಕೊಟ್ಟವರಿಗೆ ‘ಸಾಹೇಬರು’ ಎಂಬ ಗೌರವ, ಹತ್ತು ರೂಪಾಯಿ ಹಾಕಿದವರಿಗೆ ಮುಂದೆ ಸರಿಯಿರಿ ಎಂಬ ಗದರಿಕೆ. ವುಝೂ ಮಾಡುವ ನಲ್ಲಿಗಳಲ್ಲಿ ನೀರಿರಲಿಲ್ಲ, ಅದರ ಎದುರಿನ ಅಂಗಡಿಯಲ್ಲಿ ನೀರಿನ ಬಾಟಲಿ ಧಾರಾಳವಾಗಿತ್ತು. ಹೆಂಗಸರಿಗೆ ಶೌಚಾಲಯದ ವ್ಯವಸ್ಥೆಯ ಬಗ್ಗೆ ವಿಚಾರಿಸಿದಾಗ ಸ್ವಯಂಸೇವಕನೊಬ್ಬ ಜೋಳದ ಹೊಲದ ಕಡೆ ಕೈ ತೋರಿಸಿದ.

ಗಂಧದ ಮೆರವಣಿಗೆ ಬಂದದ್ದು ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಆಳೆತ್ತರ ಜೋಡಿಸಿದ ಡಿಜೆ ಪೆಟ್ಟಿಗೆಗಳ ಹಿಂದೆ. ಸಿನೆಮಾ ಧಾಟಿಗೆ ವಲಿಯೊಬ್ಬರ ಹೆಸರು ತುರುಕಿದ ಹಾಡು, ಅದಕ್ಕೆ ಶರಟು ಬಿಚ್ಚಿ ಕುಣಿಯುವ ನಮ್ಮದೇ ಮೊಹಲ್ಲಾಗಳ ಹುಡುಗರು. ಮಗ್ರಿಬ್ ಅಝಾನ್ ಆದಾಗ ಡಿಜೆ ನಿಂತಿತು. ಅಝಾನ್ ಮುಗಿದೊಡನೆ, ಜಮಾಅತ್ ನಿಲ್ಲುವ ಮೊದಲೇ, ಮತ್ತೆ ಶುರುವಾಯಿತು. ಅಷ್ಟು ದೊಡ್ಡ ಜನಸಮೂಹದಲ್ಲಿ ಮಸೀದಿಯೊಳಗೆ ನಾವು ಕಂಡದ್ದು ಒಂದೂವರೆ ಸಾಲು.

ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮ 2000ನೇ ಇಸವಿಯಿಂದಲೇ ಇದೆ. 2022ರಲ್ಲಿ ಅಝಾನ್‌ನ ವಿರುದ್ಧ ಗದ್ದಲ ಎಬ್ಬಿಸಿದಾಗ ನಾವೆಲ್ಲ ಈ ನಿಯಮವನ್ನು ಕಂಠಪಾಠ ಮಾಡಿದ್ದೆವು. ಎರಡು ಮೂರು ನಿಮಿಷಗಳ ಅಝಾನ್‌ನಿಂದ ಯಾರ ನಿದ್ದೆ ಕೆಡುತ್ತದೆ ಎಂದು ನ್ಯಾಯವಾಗಿಯೇ ಪ್ರಶ್ನಿಸಿದ್ದೆವು. ಆ ಹಳ್ಳಿಯಲ್ಲಿ ರಾತ್ರಿ ಹನ್ನೊಂದಾದರೂ ಟ್ರೇಲರ್ ಬಾಯಿ ಮುಚ್ಚಿರಲಿಲ್ಲ. ಇದನ್ನು ಪ್ರಶ್ನಿಸುವವರು ಯಾರು?

ಉರ್ಸ್ ಎಂಬ ಅರಬಿ ಪದಕ್ಕೆ ವಿವಾಹವೆಂದು ಅರ್ಥ. ದಾಸನೊಬ್ಬ ತನ್ನ ಒಡೆಯನನ್ನು ಸೇರಿದ ದಿನವೆಂಬ ಭಾವದಿಂದ ಸೂಫಿಗಳು ಆ ಹೆಸರಿಟ್ಟರು. ಕಬರ್‌ಗಳ ಸಂದರ್ಶನವನ್ನು ಮೊದಲು ತಡೆದಿದ್ದ ಪ್ರವಾದಿವರ್ಯರು(ಸ) ಬಳಿಕ ಅದಕ್ಕೆ ಅನುಮತಿ ನೀಡಿದ್ದು ಅದು ಪರಲೋಕವನ್ನು ನೆನಪಿಸುತ್ತದೆಂಬ ಕಾರಣಕ್ಕೆ. ತಮ್ಮ ಸ್ವಂತ ಕಬರನ್ನೇ ಉತ್ಸವದ ತಾಣವಾಗಿಸಬಾರದೆಂದು ಅವರು ತಾಕೀತು ಮಾಡಿದ್ದಾರೆ. ಚೀಟಿಯ ಮೇಜಿನ ಮುಂದೆ ನಿಂತವನಿಗೆ ಪರಲೋಕ ನೆನಪಾಗುವುದಿಲ್ಲ, ಜೇಬು ನೆನಪಾಗುತ್ತದೆ.

ಇಷ್ಟು ಬರೆದು ಸಹಿ ಹಾಕಿದರೆ ನಮ್ಮ ಕೆಲಸ ಮುಗಿಯಬಹುದಿತ್ತು. ಇಂತಹ ಬರಹಗಳನ್ನು ನಾವು ಹಿಂದೆಯೂ ಬರೆದಿದ್ದೇವೆ. ಆದರೆ ಆ ರಾತ್ರಿ ಮರಳುವಾಗ ಟಂಟಂನಲ್ಲಿ ನಮ್ಮ ಪಕ್ಕದಲ್ಲಿ ಹಿರೇಕೆರೂರು ಕಡೆಯ ಲಿಂಗಾಯತ ಅಜ್ಜಿಯೊಬ್ಬರು ಕುಳಿತಿದ್ದರು. ಮೊಮ್ಮಗನ ಕಾಯಿಲೆ ವಾಸಿಯಾದ ಹರಕೆಗೆ ಸಕ್ಕರೆ ಓದಿಸಲು ಬಂದಿದ್ದರು. ಚೀಟಿಯ ದುಡ್ಡಿಲ್ಲದೆ ಗದ್ದಲದಲ್ಲಿ ಒಳಗೆ ಹೋಗಲಾಗದೆ ಸಕ್ಕರೆ ಪೊಟ್ಟಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಾಗೆಯೇ ಹಿಂದಿರುಗುತ್ತಿದ್ದರು. ನಮ್ಮ ಟೋಪಿ, ಗಡ್ಡ ನೋಡಿ, “ತಮ್ಮಾ, ನೀವು ಓದಿದವ್ರು ಕಾಣ್ತೀರಿ. ಇಲ್ಲೇ ಒಂದೀಟು ಓದಿ ಕೊಡ್ರಲ್ಲ” ಎಂದರು. ಮದ್ರಸದಲ್ಲಿ ಕಲಿತ ಮಸ್‌ಅಲಾಗಳೆಲ್ಲ ಒಮ್ಮೆಲೇ ತಲೆಗೆ ಬಂದವು. ಸಕ್ಕರೆಯ ಮೇಲೆ ಓದುವುದು ಸರಿಯೇ, ಓದದೆ ಬರಿಯ ದುಆ ಮಾಡಬಹುದೇ, ಅವರಿಗೆ ಇದನ್ನು ಹೇಗೆ ತಿಳಿಹೇಳುವುದು? ಇದನ್ನು ಯೋಚಿಸುತ್ತಿರುವಾಗಲೇ ಅವರು ಇಳಿಯುವ ಕ್ರಾಸ್ ಬಂತು. ಆ ಮಗುವಿನ ಆರೋಗ್ಯಕ್ಕಾಗಿ ಕೈಯೆತ್ತಿ ಎರಡು ಮಾತು ದುಆ ಮಾಡಲು ಯಾವ ಗ್ರಂಥವೂ ನಮ್ಮನ್ನು ತಡೆದಿರಲಿಲ್ಲ.

ಸುಧಾರಣೆಯ ಹೆಸರಿನಲ್ಲಿ ನಾವು ದಶಕಗಳಿಂದ ಮಾಡಿದ್ದು ಇದನ್ನೇ. ಉರೂಸು ಅನಾಚಾರವೆಂದೆವು, ಹೋಗಬೇಡಿ ಎಂದೆವು, ನಾವೂ ಹೋಗಲಿಲ್ಲ. ಉರೂಸು ನಿಂತಿತೇ? ಅಲ್ಲಿಂದ ಕಾಲ್ತೆಗೆದವರು ಅರಿತವರು, ಓದಿದವರು. ರಿವಾಯತ್ ಪದ ಹಾಡುತ್ತಿದ್ದ ಮುದುಕರು ತೀರಿಕೊಂಡರು. ಬಂದವರ ಊರು, ಮನೆತನ ಕೇಳಿ ಕೂರಿಸುತ್ತಿದ್ದ ಹಳೆಯ ಮುಜಾವರರೂ ಹೋದರು. ತೆರವಾದ ಜಾಗಕ್ಕೆ ಡಿಜೆಯವನು ಬಂದ, ಫ್ಲೆಕ್ಸಿನವನು ಬಂದ, ಚೀಟಿಯ ಮೇಜು ಬಂತು. ಡಿಜೆಯವನನ್ನು ಬೈಯುವುದು ಸುಲಭ. ಜಾಗ ಖಾಲಿ ಮಾಡಿಕೊಟ್ಟವರು ನಾವು.

ಇದೇ ತಾಲೂಕಿನ ಶಿಶುನಾಳದ ಶರೀಫರನ್ನು (1819-1889) ನೆನೆಯಿರಿ. ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ, ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಹುಲಗೂರಿನ ಖಾದ್ರಿಯವರ ಆಶೀರ್ವಾದದಿಂದ ಹುಟ್ಟಿದ ಮಗುವೆಂದು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಮೊಹರಮ್‌ಗೆ ಅವರು ರಿವಾಯತ್ ಪದಗಳನ್ನು ಕಟ್ಟಿದ್ದು ಈ ನೆಲದ ಕನ್ನಡದಲ್ಲಿ. ಅವರ ಪ್ರತಿಯೊಂದು ಮಾತೂ ನಮ್ಮ ಅಕೀದಾಕ್ಕೆ ಒಪ್ಪುತ್ತದೆಯೇ ಎಂಬುದು ಬೇರೆಯೇ ಚರ್ಚೆ. ಆದರೆ ಅವರ ಪದಗಳನ್ನು ಕನ್ನಡಿಗರ ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವಥ್, 1990ರಲ್ಲಿ ತೆರೆಗೆ ತಂದವರು ಟಿ.ಎಸ್. ನಾಗಾಭರಣ. ನಾವೇನು ಮಾಡಿದೆವು? ಆ ಹಳ್ಳಿಯ ಉರೂಸಿನಲ್ಲಿ ದೂರದಿಂದ ಕರೆಸಿದ ಮೌಲಾನಾ ಒಬ್ಬರು ಬಿಗಿಯಾದ ಉರ್ದುವಿನಲ್ಲಿ ಬಯಾನ್ ಮಾಡಿದರು. ಕೇಳಲು ಕುಳಿತಿದ್ದ ಹಿಂದೂ ಸಹೋದರರಿಗೆ ಅರ್ಥವಾಗಲಿಲ್ಲ, ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೂ ಅರ್ಥವಾಗಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲರೂ ಮಿರ್ಚಿ ಭಜ್ಜಿಯ ಅಂಗಡಿಯತ್ತ ಎದ್ದುಹೋದರು.

ಕಾಲ ಹೇಗಿದೆಯೆಂಬುದು ನಮಗೆ ತಿಳಿಯದ್ದೇನಲ್ಲ. 2022ರ ಮಾರ್ಚಿನಲ್ಲಿ ಕಾಪುವಿನ ಮಾರಿಗುಡಿಯ ಜಾತ್ರೆಯಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟರು. ಏಪ್ರಿಲಿನಲ್ಲಿ ಧಾರವಾಡದ ನುಗ್ಗಿಕೇರಿಯಲ್ಲಿ ಬಡ ವ್ಯಾಪಾರಿಯ ಕಲ್ಲಂಗಡಿಗಳನ್ನು ನೆಲಕ್ಕೆ ಬಡಿದರು. 2024ರ ಅಕ್ಟೋಬರಿನಲ್ಲಿ ಸವಣೂರು ತಾಲೂಕಿನ ಕಡಕೋಳದಲ್ಲಿ, ಮನೆ-ಹೊಲಗಳು ವಕ್ಫ್ ಪಾಲಾಗುತ್ತವೆಂಬ ವದಂತಿಗೆ ಮುಸ್ಲಿಮರ ಮನೆಗಳ ಮೇಲೆ ಕಲ್ಲು ಬಿದ್ದವು. ಕಲ್ಲು ತೂರಿದವರ ಅಪರಾಧಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು. ಮುತವಲ್ಲಿಯಾದವನು ವರ್ಷವರ್ಷ ಲೆಕ್ಕ ಒಪ್ಪಿಸಬೇಕೆಂದು 1995ರ ವಕ್ಫ್ ಕಾಯ್ದೆಯೇ ಹೇಳುತ್ತದೆ. 2025ರ ತಿದ್ದುಪಡಿಯ ವಿರುದ್ಧ ನಾವು ಬೀದಿಗಿಳಿದೆವು, ಇಳಿಯಲು ಬಲವಾದ ಕಾರಣಗಳಿದ್ದವು. ಆದರೆ ನಮ್ಮೂರಿನ ದರ್ಗಾದ ಉರೂಸಿಗೆ ಬಂದ ಹಣವೆಷ್ಟು, ಹೋದದ್ದೆಲ್ಲಿಗೆ ಎಂದು ಜುಮಾದ ದಿನ ಎದ್ದುನಿಂತು ಕೇಳಿದವರೆಷ್ಟು ಮಂದಿ? ಲೆಕ್ಕವನ್ನು ಮಸೀದಿಯ ಗೋಡೆಗೆ ಅಂಟಿಸಿದ ಊರಿನಲ್ಲಿ ವದಂತಿಗೆ ಬೆಲೆ ಕಡಿಮೆ.

ಜಾತ್ರೆಗಳಿಂದ ನಮ್ಮವರನ್ನು ಅಟ್ಟುತ್ತಿರುವ ಈ ದಿನಗಳಲ್ಲಿಯೂ ಆ ಅಜ್ಜಿ ಯಾರೂ ಕರೆಯದೆ ನಮ್ಮ ಬಾಗಿಲಿಗೆ ಬಂದಿದ್ದರು. ನಾವು ಅವರ ಮುಂದಿಟ್ಟದ್ದು ಚೀಟಿ.

ಉರೂಸು ನಡೆಸಿರೆಂದು ನಾವು ಹೇಳುತ್ತಿಲ್ಲ. ಕಬರ್‌ಗೆ ತಲೆಬಾಗುವುದನ್ನು ಒಪ್ಪುವುದೂ ಇಲ್ಲ. ಜನ ಸೇರುವುದು ನಿಶ್ಚಿತವಾಗಿರುವಾಗ ಅವರನ್ನು ಯಾರ ಕೈಗೆ ಒಪ್ಪಿಸಿ ಮನೆಯಲ್ಲಿ ಕೂತಿದ್ದೇವೆಂದು ಕೇಳುತ್ತಿದ್ದೇವೆ. ಹತ್ತು ಹುಡುಗರು ನಲ್ಲಿಗೆ ನೀರು ತುಂಬಿಸಲು ಫತ್ವಾ ಬೇಕಿಲ್ಲ. ಬಯಾನನ್ನು ಕನ್ನಡದಲ್ಲಿ ಮಾಡಬಲ್ಲ ಆಲಿಮ್‌ಗಳು ಈ ನಾಲ್ಕು ತಾಲೂಕುಗಳಲ್ಲೇ ಇದ್ದಾರೆ. ಹತ್ತು ಗಂಟೆಗೆ ಡಿಜೆ ನಿಲ್ಲಿಸೆಂದು ಹೇಳಲು ಪೊಲೀಸರೇ ಬರಬೇಕೆಂದಿಲ್ಲ.

ಉರೂಸಿನ ಜಮಾ-ಖರ್ಚು, ಚೀಟಿಯ ದರ ನಿಗದಿ ಮಾಡಿದವರು ಯಾರು, ಹೆಂಗಸರ ಶೌಚಾಲಯ ಏಕಿಲ್ಲ ಎಂಬ ಮೂರು ಪ್ರಶ್ನೆಗಳನ್ನು ಬರೆದು ಆ ಸಮಿತಿಗೆ ಕಳುಹಿಸಿದ್ದೇವೆ. ಉತ್ತರ ಬಂದರೆ ಇದೇ ಪುಟದಲ್ಲಿ ಯಥಾವತ್ತಾಗಿ ಪ್ರಕಟಿಸುವೆವು. ಬಾರದಿದ್ದರೆ ಮುಂದಿನ ಉರೂಸಿಗೆ ಅಸರ್‌ಗಿಂತ ಮೊದಲೇ ಹೋಗಿ ನಾವೇ ಕೇಳುವೆವು.