ಮದುವೆ ಮದ್ದಲ್ಲ

ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ, ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ನಾವೆಲ್ಲ ನಗುತ್ತ ಹೇಳುತ್ತೇವೆ. ನಮ್ಮ ಸಮಾಜ ಮಾತ್ರ ಅದರ ಎರಡನೆಯ ಅರ್ಧವನ್ನು ನಿಜವೆಂದೇ ನಂಬಿದೆ. ಮಗ ಕುಡಿಯುತ್ತಾನೆಯೇ, ಮದುವೆ ಮಾಡಿ. ದುಡಿಯದೆ ಅಲೆಯುತ್ತಾನೆಯೇ, ಮದುವೆ ಮಾಡಿ. ಮೂರ್ಛೆರೋಗವಿದೆಯೇ, ಮುಚ್ಚಿಟ್ಟು ಮದುವೆ ಮಾಡಿ. ಈ ಮದ್ದಿಗೆ ಅರೆದು ಹಾಕುವುದು ಬೇರೆ ಮನೆಯ ಹೆಣ್ಣನ್ನು. ಗಂಡು ಗಂಡನ್ನೇ, ಹೆಣ್ಣು ಹೆಣ್ಣನ್ನೇ ಪ್ರೀತಿಸುವ ಮಕ್ಕಳಿಗೂ ಮನೆಯವರು ಇದೇ ಮದ್ದು ಕೊಡುತ್ತಾರೆ. ಈ ಪತ್ರಿಕೆಯಲ್ಲಿ ಅದರ ಮಾತು ಬರಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ದಿನಪತ್ರಿಕೆಗಳು ಇವರನ್ನು ಸಲಿಂಗಕಾಮಿಗಳೆಂದು ಬರೆಯುತ್ತವೆ. ಗಂಡಹೆಂಡಿರ ಬಾಳನ್ನು ನಾವು ಕಾಮವೆಂಬ ಒಂದೇ ಮಾತಿನಲ್ಲಿ ಮುಗಿಸುವುದಿಲ್ಲ, ದಾಂಪತ್ಯ ಎನ್ನುತ್ತೇವೆ. ಅಷ್ಟೇ ಮರ್ಯಾದೆ ಇವರಿಗೂ ಸಲ್ಲಲಿ. ನಾನು ಸಲಿಂಗಪ್ರೇಮಿಗಳು ಎನ್ನುತ್ತೇನೆ.

ಕಾಲೇಜಿನಿಂದ ನಿವೃತ್ತಳಾದ ಮೇಲೆ ಎರಡು ಮೂರು ಸಂಘಗಳ ಲೆಕ್ಕ ನೋಡಿಕೊಡಲು ಹೋಗುತ್ತೇನೆ. ಅಲ್ಲಿ ಪರಿಚಯವಾದ ಒಬ್ಬ ಹೆಣ್ಣುಮಗಳ ಸಂಗತಿಯನ್ನು ಗುರುತು ಸಿಗದಂತೆ ಹೇಳುತ್ತೇನೆ. ಮದುವೆಯಲ್ಲಿ ತವರಿನವರು ಬಂಗಾರ, ಬೈಕು, ನಗದು ಎಲ್ಲ ಕೊಟ್ಟಿದ್ದರು. ಗಂಡ ಹೊಡೆಯಲಿಲ್ಲ, ಬೈಯಲಿಲ್ಲ, ಮುಟ್ಟಲೂ ಇಲ್ಲ. ವರ್ಷ ಕಳೆಯಿತು, ಅತ್ತೆ 'ಬಂಜೆ' ಎನ್ನತೊಡಗಿದಳು. ಹರಕೆ, ಪೂಜೆ, ಆಸ್ಪತ್ರೆ, ಪರೀಕ್ಷೆಗಳೆಲ್ಲ ಅವಳಿಗೇ. ನೆರೆಯವರು ಸೀಮಂತಕ್ಕೆ ಕರೆಯುವುದನ್ನು ಬಿಟ್ಟರು. ನಾಲ್ಕನೆಯ ವರ್ಷ ಒಂದು ರಾತ್ರಿ ಗಂಡನೇ ಅತ್ತು ಹೇಳಿಕೊಂಡ: ತನಗೆ ಹೆಣ್ಣಿನಲ್ಲಿ ಎಂದೂ ಮನಸ್ಸಿರಲಿಲ್ಲ, ಇಪ್ಪತ್ತನೆಯ ವಯಸ್ಸಿನಲ್ಲೇ ಅವ್ವನಿಗೆ ಹೇಳಿದ್ದೆ ಎಂದು. ಅವ್ವ ಮೊದಲು ತಾಯಿತ ಕಟ್ಟಿಸಿದಳು, ಆಮೇಲೆ ಹೆಣ್ಣು ಹುಡುಕಿದಳು. ಅಂದರೆ ಸೊಸೆಯನ್ನು ಬಂಜೆ ಎಂದು ಕರೆದ ಬಾಯಿಗೆ ಕಾರಣ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ವರದಕ್ಷಿಣೆ ಎಣಿಸಿಕೊಂಡರು!

ಅವನದು ತಪ್ಪಿಲ್ಲವೇ ಎಂದು ನೀವು ಕೇಳುವಿರಿ. ಖಂಡಿತ ಇದೆ. ತಾಳಿ ಕಟ್ಟುವ ಮುನ್ನ ಆ ಹುಡುಗಿಗೆ ಒಂದು ಮಾತು ಹೇಳಬೇಕಿತ್ತು. ಗಂಡಸಾದ ಅವನಿಗೆ ಊರು ಬಿಟ್ಟು ದುಡಿದು ತಿನ್ನುವ ದಾರಿಯಾದರೂ ಇತ್ತು, ಅವಳಿಗೆ ಅದೂ ಇರಲಿಲ್ಲ. ಆದರೆ ನಿಜ ಹೇಳಿದ ಮಗನಿಗೆ ಮನೆಯಲ್ಲಿ ಜಾಗ ಸಿಕ್ಕಿದ್ದರೆ ಅವಳ ನಾಲ್ಕು ವರ್ಷ ಉಳಿಯುತ್ತಿತ್ತು. ಸಲಿಂಗಪ್ರೇಮಿಗಳ ಹಕ್ಕಿಗೂ ನಮ್ಮ ಚಳುವಳಿಗೂ ಏನು ಸಂಬಂಧ ಎನ್ನುವ ಗೆಳತಿಯರು ಇದನ್ನು ಯೋಚಿಸಬೇಕು. ಇಂಥ ಹೆಂಡತಿ ನಮ್ಮ ಬಳಿ ಬಂದಾಗ 'ಹೊಂದಿಕೊಂಡು ಹೋಗು' ಎನ್ನುವುದು ಅವಳಿಗೆ ಮಾಡುವ ಎರಡನೆಯ ಅನ್ಯಾಯ. ಮುಖ್ಯ ವಿಷಯವನ್ನು ಮುಚ್ಚಿಟ್ಟು ಮೋಸದಿಂದ ಮಾಡಿದ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯಿದೆಯ 12ನೇ ಕಲಮಿನಲ್ಲಿ ಅರ್ಜಿ ಹಾಕಬಹುದು. ಮೋಸ ತಿಳಿದ ಒಂದು ವರ್ಷದೊಳಗೆ ಹಾಕಬೇಕು, ತಿಳಿದ ಮೇಲೆ ಕೂಡಿ ಬಾಳಿರಬಾರದು. ಇಬ್ಬರೂ ಒಪ್ಪಿದರೆ ಪರಸ್ಪರ ಸಮ್ಮತಿಯ ವಿಚ್ಛೇದನವಿದೆ. ವರದಕ್ಷಿಣೆಯಾಗಿ ಬೇರೆಯವರು ಪಡೆದದ್ದೆಲ್ಲ ಹೆಂಡತಿಗೆ ಸೇರಬೇಕೆಂದು 1961ರ ಕಾಯಿದೆಯೇ ಹೇಳುತ್ತದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಇನ್ನು ನಿಜ ಹೇಳುವವಳು ಮಗಳಾದರೆ? ಫೋನು ಕಿತ್ತುಕೊಳ್ಳುತ್ತಾರೆ, ಕೋಣೆಯಲ್ಲಿ ಕೂಡಿಹಾಕುತ್ತಾರೆ, ಅಣ್ಣತಮ್ಮಂದಿರು ಕೈಮಾಡುತ್ತಾರೆ, ಹದಿನೈದು ದಿನದಲ್ಲಿ ಗಂಡು ಗೊತ್ತು ಮಾಡುತ್ತಾರೆ. ಆಮೇಲೆ ಪ್ರತಿ ರಾತ್ರಿ ಅವಳು ಸಹಿಸಬೇಕಾದದ್ದಕ್ಕೆ ಏನು ಹೆಸರು? ಗಂಡನಾದವನು ಮಾಡಿದರೆ ನಮ್ಮ ಕಾನೂನು ಅದನ್ನು ಇನ್ನೂ ಅತ್ಯಾಚಾರ ಎನ್ನುವುದಿಲ್ಲ. ದೌರ್ಜನ್ಯವೆಂದರೆ ಗಂಡನ ಮನೆಯದು, ತವರು ಎಂದರೆ ತಂಪು ಎಂದು ನಾವು ಹಾಡಿಕೊಂಡು ಬಂದಿದ್ದೇವೆ. ಈ ಹೆಣ್ಣುಮಕ್ಕಳಿಗೆ ತವರೇ ಜೈಲು.

2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟಿನ ಮುಂದೆ ಇಂಥದೇ ಮೊಕದ್ದಮೆ ಬಂತು. ಇಪ್ಪತ್ತೈದು ವರ್ಷದ ಯುವತಿಯೊಬ್ಬಳನ್ನು ತವರಿನವರು ಬಲವಂತವಾಗಿ ಕರೆದೊಯ್ದು ಇಟ್ಟುಕೊಂಡಿದ್ದರು. ಗೆಳತಿ ಕೋರ್ಟಿಗೆ ಹೋದಳು. ನ್ಯಾಯಾಧೀಶರು ಯುವತಿಯನ್ನೇ ಮಾತಾಡಿಸಿದಾಗ, ಮನೆಯಲ್ಲಿ ಹೊಡೆದದ್ದನ್ನೂ 'ಸರಿಹೋಗಲಿ' ಎಂದು ಪೂಜೆ ಮಾಡಿಸಿದ್ದನ್ನೂ ಆಕೆ ಹೇಳಿದಳು. ಕೋರ್ಟು ಅವಳನ್ನು ಅವಳಿಷ್ಟದಂತೆ ಹೋಗಗೊಟ್ಟಿತು, ಸರಿಯಾಗಿ ನಡೆದುಕೊಳ್ಳದ ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು. ಹಿಂದಿನ ವರ್ಷ, 2024ರಲ್ಲಿ, ಸುಪ್ರೀಂ ಕೋರ್ಟು ಇಂಥ ಪ್ರಕರಣಗಳಲ್ಲಿ ಹುಡುಗಿಯನ್ನು ತಾಯಿತಂದೆಯರ ಎದುರಲ್ಲಿ ಕೇಳದೆ ಪ್ರತ್ಯೇಕವಾಗಿ ಮಾತಾಡಿಸಬೇಕು, ಬುದ್ಧಿ ಹೇಳಿ ಮನಸ್ಸು ಬದಲಿಸಲು ಹೋಗಬಾರದು ಎಂದು ಎಲ್ಲ ಹೈಕೋರ್ಟುಗಳಿಗೂ ತಿಳಿಸಿದೆ. ಪಂಚಾಯಿತಿಗೆ ಕೂರುವ ನಾವೂ ಇದನ್ನು ಕಲಿಯಬಹುದು.

2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಸೊಸೆಗೆ ಮಾತ್ರ ಎಂದು ಅನೇಕರು ತಿಳಿದಿದ್ದಾರೆ. ಅಪ್ಪನ ಮನೆಯಲ್ಲಿರುವ ಮಗಳೂ ಅದರಲ್ಲಿ ದೂರು ಕೊಡಬಹುದು. ಸಂರಕ್ಷಣಾಧಿಕಾರಿ ತುಂಬುವ ನಮೂನೆಯನ್ನು ಓದಿ ನೋಡಿ. ಮದುವೆ ಬೇಡವೆನ್ನುವ ಹೆಣ್ಣನ್ನು ಮದುವೆಗೆ ಬಲವಂತಪಡಿಸುವುದು ಅದರಲ್ಲಿ ದೌರ್ಜನ್ಯವೆಂದೇ ನಮೂದಾಗಿದೆ.

ಇದೆಲ್ಲ ಪರದೇಶದ ರೋಗ ಎನ್ನುವವರಿದ್ದಾರೆ. ಪರದೇಶದಿಂದ ಬಂದದ್ದು ಶಿಕ್ಷೆ. 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯ 377ನೇ ಕಲಂ ಇವರನ್ನು ಅಪರಾಧಿಗಳನ್ನಾಗಿ ಮಾಡಿತು. 2009ರಲ್ಲಿ ದೆಹಲಿ ಹೈಕೋರ್ಟು ಬಿಡುಗಡೆ ಕೊಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಿತ್ತುಕೊಂಡಿತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಆಧಾರ್ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ 2017ರಲ್ಲಿ ಖಾಸಗಿ ಬದುಕಿನ ಹಕ್ಕನ್ನು ಮೂಲಭೂತ ಹಕ್ಕೆಂದು ಒಪ್ಪಲಾಯಿತು. ಅದರ ಬಲದ ಮೇಲೆ 2018ರ ಸೆಪ್ಟೆಂಬರ್ 6ರಂದು ವಯಸ್ಕರ ಒಪ್ಪಿತ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂತು. ಇನ್ನು ರೋಗದ ಮಾತು. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿದೆ. 'ಗುಣಪಡಿಸುತ್ತೇನೆ' ಎನ್ನುವ ಡಾಕ್ಟರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ತಾಯಿತ ಕಟ್ಟುವವರಿಗೆ ಹೇಳುವವರು ಯಾರೋ!

ಮದುವೆಯ ಹಕ್ಕು ಇವರಿಗೆ ಸಿಕ್ಕಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದು ಸಂಸತ್ತಿನ ಕೆಲಸವೆಂದು ಕೈಬಿಟ್ಟಿತು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು 2024ರಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಇವರನ್ನು ಒಂದೇ ಮನೆಯವರೆಂದು ಎಣಿಸಲು ರಾಜ್ಯಗಳಿಗೆ ತಿಳಿಸಿತು. ಪಾಸ್‌ಬುಕ್ಕಿನಲ್ಲಿ ತನ್ನ ಹೆಸರು ಬಂದ ದಿನ ಹೆಂಗಸಿಗೆ ಏನಾಗುತ್ತದೆಂದು ಸಂಘದ ಸದಸ್ಯೆಯರಿಗೆ ನಾನು ಹೇಳಬೇಕಾಗಿಲ್ಲ. ಹಕ್ಕು ಎಂದರೆ ಮೊದಲು ಇಷ್ಟು ಸಣ್ಣದಾಗಿಯೇ ಬರುತ್ತದೆ.

ನಮ್ಮ ಕೈಯಲ್ಲೇ ಇರುವ ಎರಡು ಕೆಲಸ ಹೇಳುತ್ತೇನೆ. ಯಾರಾದರೂ ಹುಡುಗ ಹುಡುಗಿ ನಿಮ್ಮನ್ನು ನಂಬಿ ಹೇಳಿಕೊಂಡರೆ ಅದು ನಿಮ್ಮಲ್ಲೇ ಇರಲಿ. ಮನೆಯಲ್ಲಿ ಯಾವಾಗ ಹೇಳಬೇಕು, ಹೇಳಬೇಕೋ ಬೇಡವೋ ಎಂಬುದು ಅವರಿಗೆ ಸೇರಿದ್ದು. ನಲ್ಲಿಯ ಬಳಿ ಆಡಿದ ಒಂದು ಮಾತಿಗೆ ಒಬ್ಬಳ ಮೂಳೆ ಮುರಿಯಬಹುದು. ಇನ್ನೊಂದು, ಮಗಳ ಮದುವೆಗೆಂದು ಸಂಘದಲ್ಲಿ ಸಾಲಕ್ಕೆ ಅರ್ಜಿ ಬರುತ್ತದಲ್ಲ, ಆಗ ಕಂತು ಬಡ್ಡಿ ಎಲ್ಲ ಕೇಳಿ ಬರೆದುಕೊಳ್ಳುತ್ತೇವೆ. ಅದರ ಜೊತೆಗೆ ಆ ಹುಡುಗಿಯನ್ನೂ ಕರೆಸೋಣ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ನಿನಗೆ ಈ ಮದುವೆ ಬೇಕೇನಮ್ಮ ಎಂದು ಕೇಳಿ, ಅವಳು ಹೇಳಿದ ಮೇಲೆ ಹಣ ಕೊಡೋಣ.