ಹಿಂದಿನ ಸಾಲಿನಿಂದ ಎದ್ದು ಬಂದ ವಾದ್ಯ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಕೊಳಲಿಗೆ ತೂತುಗಳಿವೆ, ಪಿಟೀಲಿಗೆ ತಂತಿಗಳಿವೆ, ಹಾರ್ಮೋನಿಯಂಗೆ ಮನೆಗಳಿವೆ. ಇವು ಮೂರೂ ಇಲ್ಲದೆ ಸ್ವರ ನುಡಿಸುವ ವಾದ್ಯ ಯಾವುದು? ಅಜ್ಜ-ಅಜ್ಜಿಯರೂ ಯೋಚಿಸಬಹುದು.

ಉತ್ತರ ಟ್ರಾಂಬೋನ್. ಬ್ಯಾಂಡಿನವರಲ್ಲಿ ಒಬ್ಬರು ಹಿತ್ತಾಳೆಯ ಉದ್ದ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಜಾರಿಸುತ್ತಾ ಊದುವುದನ್ನು ನೀವು ನೋಡಿರಬಹುದು. ಚಿಕ್ಕಂದಿನಲ್ಲಿ ನನಗೆ ಹಾಡಿಗಿಂತ ಆ ಕೊಳವೆ ಯಾರಿಗೆ ತಗಲೀತು ಎಂಬುದೇ ಕುತೂಹಲ. ಅದಕ್ಕೇ ಮೆರವಣಿಗೆಯಲ್ಲಿ ಟ್ರಾಂಬೋನಿನವರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುವ ರೂಢಿಯಿದೆ ಎಂದು ದೊಡ್ಡವನಾದ ಮೇಲೆ ತಿಳಿಯಿತು!

ತುಟಿಗಳನ್ನು ಬಿಗಿಹಿಡಿದು ಊದಿದರೆ ಅವು ಅದುರುತ್ತವೆ. ಜೊತೆಗೆ ಕೊಳವೆಯೊಳಗಿನ ಗಾಳಿಯೂ ಅದುರುತ್ತದೆ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗುತ್ತದೆ. ಸುರುಳಿಯಾದ ಕೊಳವೆಯನ್ನು ನೇರ ಮಾಡಿದರೆ ಸುಮಾರು 9 ಅಡಿ! ಜಾರುಕೊಳವೆಗೆ 7 ನಿಲುಗಡೆಗಳಿವೆ. ಆದರೆ ಅವುಗಳಿಗೆ ಗುರುತು ಹಾಕಿರುವುದಿಲ್ಲ. ಪಿಟೀಲಿನಲ್ಲಿ ಬೆರಳು ಸ್ವರ ಹುಡುಕುವಂತೆ ಇಲ್ಲಿ ತೋಳು ಹುಡುಕಬೇಕು. ಕಿವಿಯೇ ಗುರು.

ಇಷ್ಟಿದ್ದರೂ ಇನ್ನೂರು ವರ್ಷಗಳ ಹಿಂದೆ ಯೂರೋಪಿನಲ್ಲಿ ಈ ವಾದ್ಯಕ್ಕೆ ಹಿಂದಿನ ಸಾಲೇ ಗತಿ. ಚರ್ಚಿನಲ್ಲಿ ಹಾಡುವವರಿಗೆ ಆಸರೆಯಾಗಿ ಊದುವುದು, ನಾಟಕದಲ್ಲಿ ಭೂತ-ಪಿಶಾಚಿ ಬರುವಾಗ ಗಂಭೀರವಾಗಿ ಗುಡುಗುವುದು, ಇಷ್ಟೇ. ಬೀಥೋವನ್ ಅವರ ಐದನೆಯ ಸಿಂಫನಿಯನ್ನೇ ನೋಡಿ. 1808ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದ ಈ ಕೃತಿಗೆ ನಾಲ್ಕು ಭಾಗಗಳು. ಮೊದಲ ಮೂರರಲ್ಲಿ ಟ್ರಾಂಬೋನಿನವರು ಸುಮ್ಮನೆ ಕೂತಿರಬೇಕು! ನಾಲ್ಕನೆಯದರಲ್ಲಷ್ಟೇ ಅವರ ಸರದಿ.

ಅಂಥ ಕಾಲದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ದಕ್ಷಿಣಕ್ಕಿರುವ ಲುಕಾ ಎಂಬ ಪುಟ್ಟ ಊರಿನಲ್ಲಿ, 1795ರಲ್ಲಿ, ಫ್ರೀಡ್ರಿಚ್ ಆಗಸ್ಟ್ ಬೆಲ್ಕೆ ಹುಟ್ಟಿದರು. ಇಪ್ಪತ್ತರ ವಯಸ್ಸಿಗೆ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದ ಸೇರಿದರು. ಗೆವಾಂಡ್‌ಹೌಸ್ ಎಂದರೆ ಬಟ್ಟೆ ವ್ಯಾಪಾರಿಗಳ ಭವನ. 1781ರಿಂದ ಅಲ್ಲಿ ಕಚೇರಿಗಳು ನಡೆಯುತ್ತಿದ್ದವು. 1815ರಲ್ಲಿ ಬೆಲ್ಕೆ ಆ ವೇದಿಕೆಯ ಮುಂದೆ ನಿಂತು ಟ್ರಾಂಬೋನನ್ನು ಒಂಟಿ ವಾದ್ಯವಾಗಿ ನುಡಿಸಿದರು.

ಮರುವರ್ಷವೇ ಬರ್ಲಿನ್ನಿನ ರಾಜರ ವಾದ್ಯವೃಂದದಲ್ಲಿ ಕೆಲಸ ಸಿಕ್ಕಿತು. 1858ರವರೆಗೆ, 42 ವರ್ಷ ಅಲ್ಲಿದ್ದರು. ನುಡಿಸಲು ಕೃತಿಗಳೇ ಕಡಿಮೆಯಿದ್ದ ವಾದ್ಯ ಅದು. ಬೆಲ್ಕೆ ಕೃತಿಗಳನ್ನು ತಾವೇ ರಚಿಸಿದರು, ಕಲಿಯುವವರಿಗಾಗಿ ಅಭ್ಯಾಸಪಾಠಗಳನ್ನೂ ಬರೆದರು. ಮನೆಗೊಂದು ಬಾವಿ ತೋಡಿದವರು ಊರಿಗೂ ನೀರು ಕೊಟ್ಟ ಹಾಗಾಯಿತು. ಕೊನೆಗೆ ಹುಟ್ಟೂರಿಗೇ ಮರಳಿ, 1874ರಲ್ಲಿ ತೀರಿಕೊಂಡರು.

ಬೆಲ್ಕೆ ಬಿಟ್ಟುಹೋದ ಲೈಪ್‌ಜಿಗ್‌ನಲ್ಲಿ ಆ ಜಾಗ ತುಂಬಿದವರು ಕಾರ್ಲ್ ಟ್ರೌಗಾಟ್ ಕ್ವೈಸರ್. ಅವರಿಗಿಂತ ಐದು ವರ್ಷ ಚಿಕ್ಕವರು. ಕ್ವೈಸರ್ ಪಿಟೀಲಿನ ದೊಡ್ಡಣ್ಣನಂತಿರುವ ವಿಯೋಲಾವನ್ನೂ ಅಷ್ಟೇ ಚೆನ್ನಾಗಿ ನುಡಿಸುತ್ತಿದ್ದರು. 1835ರಲ್ಲಿ ಹೆಸರಾಂತ ಸಂಗೀತಗಾರ ಮೆಂಡೆಲ್‌ಸನ್ ಆ ವಾದ್ಯವೃಂದದ ಮುಖ್ಯಸ್ಥರಾಗಿ ಬಂದರು. ಅವರು ಕ್ವೈಸರ್‌ಗಾಗಿ ಟ್ರಾಂಬೋನ್ ಕೃತಿಯೊಂದನ್ನು ಬರೆದುಕೊಡುವುದಾಗಿ ಮಾತು ಕೊಟ್ಟರಂತೆ. ಆದರೆ ಕೆಲಸದ ಒತ್ತಡದಲ್ಲಿ ಆಗಲಿಲ್ಲವಂತೆ. ಆಗ ಆ ವಾದ್ಯವೃಂದದ ಮೊದಲ ಪಿಟೀಲುಗಾರ ಫರ್ಡಿನಾಂಡ್ ಡೇವಿಡ್ ಬರೆದುಕೊಟ್ಟರು ಎಂಬ ಕತೆಯಿದೆ.

ಕತೆ ಹೇಗೇ ಇರಲಿ, ಕೃತಿಯಂತೂ ನಿಜ. 1837ರ ಡಿಸೆಂಬರ್ 14ರಂದು ಗೆವಾಂಡ್‌ಹೌಸ್‌ನಲ್ಲಿ ಮೆಂಡೆಲ್‌ಸನ್ ಕೋಲು ಹಿಡಿದು ವಾದ್ಯವೃಂದವನ್ನು ನಡೆಸಿದರು, ಕ್ವೈಸರ್ ನುಡಿಸಿದರು. ಆ ಕೃತಿಯ ನಡುಭಾಗ ಶವಯಾತ್ರೆಯ ನಡಿಗೆಯಂತೆ ನಿಧಾನ. ನಾನು ಅದನ್ನು ಕೇಳಿದಾಗಲೆಲ್ಲ ಅನ್ನಿಸುವುದು ಇದು: ಗುಡುಗಲಷ್ಟೇ ಬರುತ್ತದೆ ಎಂದು ಜನ ತಿಳಿದಿದ್ದ ವಾದ್ಯ ಇಲ್ಲಿ ಮನುಷ್ಯರ ಹಾಗೆ ದುಃಖ ಹೇಳಿಕೊಳ್ಳುತ್ತದೆ.

ಕ್ವೈಸರ್ 46ನೆಯ ವಯಸ್ಸಿಗೇ ತೀರಿಕೊಂಡರು. ಇಂದು ಬೆಲ್ಕೆ, ಕ್ವೈಸರ್ ಎಂದರೆ ಸಂಗೀತಗಾರರ ಆಚೆಗೆ ಗುರುತಿಸುವವರು ಕಡಿಮೆ. ಆದರೆ ವಾದ್ಯವೃಂದಗಳಿಗೆ ಹೊಸ ಟ್ರಾಂಬೋನ್ ವಾದಕರನ್ನು ಆರಿಸುವಾಗ ಅನೇಕ ಕಡೆ ಈಗಲೂ ಕೇಳುವುದು ಡೇವಿಡ್ ಅವರ ಅದೇ ಕೃತಿಯನ್ನು. ಬೆವರುತ್ತಾ ಪರೀಕ್ಷೆಗೆ ನಿಂತ ಹುಡುಗ-ಹುಡುಗಿಯರು ತಮಗೆ ತಿಳಿಯದೆಯೇ ಕ್ವೈಸರ್ ನಿಂತ ಜಾಗದಲ್ಲಿ ನಿಲ್ಲುತ್ತಾರೆ. ನೆನಪಿನಲ್ಲಿ ಉಳಿಯುವುದಕ್ಕೆ ಹೆಸರೊಂದೇ ದಾರಿಯಲ್ಲ, ಅಲ್ಲವೇ?

ಮಕ್ಕಳೇ, ಈ ಭಾನುವಾರಕ್ಕೆ ಒಂದು ಕೆಲಸ. ಒಂದೇ ತರಹದ ಮೂರು ಗಾಜಿನ ಬಾಟಲಿಗಳಲ್ಲಿ ಬೇರೆ ಬೇರೆ ಮಟ್ಟಕ್ಕೆ ನೀರು ತುಂಬಿ, ಬಾಯಿಯಂಚಿಗೆ ತುಟಿಯಿಟ್ಟು ಮೆಲ್ಲಗೆ ಊದಿ. ನೀರು ಹೆಚ್ಚಿರುವಲ್ಲಿ ಗಾಳಿಯ ಕಂಬ ಗಿಡ್ಡ. ಹಾಗಾದರೆ ಸ್ವರ ಏರುತ್ತದೋ, ಇಳಿಯುತ್ತದೋ? ಊದುವ ಮೊದಲೇ ಊಹಿಸಿ, ಅಜ್ಜ-ಅಜ್ಜಿಯರ ಜೊತೆ ಪಂದ್ಯ ಕಟ್ಟಿ. ಸೋತವರು ಬಾಟಲಿ ತೊಳೆಯಲಿ!